ಗೆಜ್ಜೆ ಕಟ್ಟಿದ ಮಗುವಿಗೆ ಮನೆಯ ಬೆಂಬಲ: ನೃತ್ಯ ಶಿಕ್ಷಣ ಮತ್ತು ಆಯ್ಕೆ ಪರೀಕ್ಷೆ ಕುರಿತು ಬೆಳಗಾವಿ, ಖಾನಾಪುರದ ಪೋಷಕರಿಗೆ ಮಾಹಿತಿ

ಬೆಳಗಾವಿ: ಆರು ವರ್ಷದ ಮಗುವನ್ನು ನೃತ್ಯ ತರಗತಿಗೆ ಸೇರಿಸುವಾಗ ಯಾವ ಮನೆಯಲ್ಲೂ ದೊಡ್ಡ ಚರ್ಚೆ ನಡೆಯುವುದಿಲ್ಲ. ಅದೇ ಮಗು ಎಂಟು ವರ್ಷಗಳ ಬಳಿಕ, ಎಸ್ಸೆಸ್ಸೆಲ್ಸಿ ಹೊಸ್ತಿಲಲ್ಲಿ ನಿಂತು, ನೃತ್ಯವನ್ನೇ ವೃತ್ತಿಯಾಗಿ ಕಲಿಯುತ್ತೇನೆ ಎಂದಾಗ ತಂದೆ ತಾಯಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಎಲ್ಲಿಗೆ ಕಳುಹಿಸಬೇಕು, ಯಾವ ವಯಸ್ಸಿಗೆ ಕಳುಹಿಸಬೇಕು, ಆಯ್ಕೆ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ, ಖರ್ಚಿಗೆ ದಾರಿ ಯಾವುದು, ಆಯ್ಕೆಯಾಗದಿದ್ದರೆ ಮುಂದೇನು ಎಂಬ ಪ್ರಶ್ನೆಗಳು ಒಟ್ಟಿಗೇ ಎದುರಾಗುತ್ತವೆ.

ಎಂಜಿನಿಯರಿಂಗ್, ವೈದ್ಯಕೀಯ ಪ್ರವೇಶದ ಬಗ್ಗೆ ಮಾಹಿತಿ ನೀಡುವವರು ಬೀದಿಗೊಬ್ಬರು ಸಿಗುತ್ತಾರೆ. ನೃತ್ಯದ ವಿಷಯದಲ್ಲಿ ಹಾಗಿಲ್ಲ. ಬೆಳಗಾವಿ ನಗರದಲ್ಲಿ ಹಾಗೂ ಅಲ್ಲಿಂದ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರದಲ್ಲಿ ವಾಸಿಸುವ ಕುಟುಂಬಗಳನ್ನು ಗಮನದಲ್ಲಿಟ್ಟುಕೊಂಡು ಈ ಮಾಹಿತಿಯನ್ನು ಇಲ್ಲಿ ಕ್ರೋಡೀಕರಿಸಲಾಗಿದೆ. ರಾಜ್ಯದ ಇತರ ನಗರಗಳ ಪೋಷಕರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಬ್ಯಾಲೆ ಮತ್ತು ಭರತನಾಟ್ಯ: ವಯಸ್ಸಿನ ಲೆಕ್ಕಾಚಾರ

ಪಾಶ್ಚಾತ್ಯ ಬ್ಯಾಲೆ ಶಾಲೆಗಳು ಮಕ್ಕಳನ್ನು ಬಹಳ ಎಳೆಯ ವಯಸ್ಸಿನಲ್ಲೇ ಆರಿಸಿಕೊಳ್ಳುತ್ತವೆ. 1738ರಲ್ಲಿ ಆರಂಭವಾದ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಇಂದಿನ ವಗಾನೊವಾ ಅಕಾಡೆಮಿ ಸುಮಾರು 10ನೇ ವಯಸ್ಸಿಗೆ ಮಕ್ಕಳನ್ನು ತೆಗೆದುಕೊಳ್ಳುತ್ತದೆ. ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಯ ಕಿರಿಯ ವಿಭಾಗಕ್ಕೆ 11ನೇ ವಯಸ್ಸಿಗೆ, ಹಿರಿಯ ವಿಭಾಗಕ್ಕೆ 16ನೇ ವಯಸ್ಸಿಗೆ ಪ್ರವೇಶ. ಅಲ್ಲಿ ಮಗುವಿನ ಮೈಕಟ್ಟು, ಸೊಂಟದ ಕೀಲು ಹೊರಳುವ ಪ್ರಮಾಣ, ಪಾದದ ಕಮಾನು, ಸಂಗೀತ ಪ್ರಜ್ಞೆ ಎಲ್ಲವನ್ನೂ ಪರಿಶೀಲಿಸುತ್ತಾರೆ.

ನಮ್ಮ ದೇಶದಲ್ಲಿ ಅಂತಹ ಶಾಲೆಗಳಿಲ್ಲ. ಬೆಂಗಳೂರಿನಲ್ಲಿ ಯಾನಾ ಲೂಯಿಸ್ ಸ್ಥಾಪಿಸಿದ ಬ್ಯಾಲೆ ಸಂಸ್ಥೆಯಂತಹ ಕೆಲವೇ ಕೇಂದ್ರಗಳಿದ್ದು, ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್ ದೂರ. ಆದರೂ ಬ್ಯಾಲೆಯ ಬಾಗಿಲು ಭಾರತೀಯ ಮಕ್ಕಳಿಗೆ ಪೂರ್ತಿ ಮುಚ್ಚಿಲ್ಲ. ಮುಂಬೈಯ ಸಾಮಾನ್ಯ ಕುಟುಂಬದಿಂದ ಬಂದ ಅಮೀರುದ್ದೀನ್ ಷಾ, ಗುರು ಯೆಹೂದಾ ಮಾಓರ್ ಅವರ ಬಳಿ ಕಲಿತು 2017ರಲ್ಲಿ ರಾಯಲ್ ಬ್ಯಾಲೆ ಶಾಲೆ ಸೇರಿದರು. ದೆಹಲಿಯ ರಿಕ್ಷಾ ಚಾಲಕರೊಬ್ಬರ ಪುತ್ರ ಕಮಲ್ ಸಿಂಗ್ 17ನೇ ವಯಸ್ಸಿನಲ್ಲಿ ಮೊದಲ ಪಾಠ ಕಲಿತು, 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಗೆ ಆಯ್ಕೆಯಾದರು. ಶುಲ್ಕದ ಹಣವನ್ನು ಸಾರ್ವಜನಿಕ ದೇಣಿಗೆಯಿಂದ ಹೊಂದಿಸಬೇಕಾಯಿತು. ಇವು ಅಪವಾದಗಳು. ಇವನ್ನು ನಂಬಿ ಮನೆ ಅಡವಿಡುವುದು ವಿವೇಕವಲ್ಲ.

ನಮ್ಮ ಭಾಗದ ಮಕ್ಕಳಿಗೆ ವೃತ್ತಿ ಶಿಕ್ಷಣದ ನಿಜವಾದ ದಾರಿ ತೆರೆಯುವುದು ಭರತನಾಟ್ಯ, ಕಥಕ್, ಒಡಿಸ್ಸಿಯಂತಹ ಶಾಸ್ತ್ರೀಯ ಪ್ರಕಾರಗಳಲ್ಲಿ. ಇಲ್ಲಿನ ಬಹುತೇಕ ವೃತ್ತಿಪರ ಸಂಸ್ಥೆಗಳು ಶಾಲಾ ಶಿಕ್ಷಣ ಮುಗಿಸಿದವರಿಗೆ ಪ್ರವೇಶ ನೀಡುವುದರಿಂದ ಹತ್ತು ವರ್ಷದ ಮಗುವನ್ನು ದೂರದೂರಿಗೆ ಕಳುಹಿಸುವ ಅನಿವಾರ್ಯತೆ ಇಲ್ಲ. 16 ಅಥವಾ 18ರವರೆಗೆ ಮಗು ಮನೆಯಲ್ಲೇ ಇದ್ದು ತಯಾರಾಗಬಹುದು. ಈ ಕಾಲಾವಕಾಶವೇ ನಮ್ಮ ಪೋಷಕರಿಗಿರುವ ಅತಿದೊಡ್ಡ ಅನುಕೂಲ.

ಎರಡು ಪ್ರಕಾರಗಳಿಗೂ ಹಳೆಯ ನಂಟೊಂದಿದೆ. ಚೆನ್ನೈನ ಕಲಾಕ್ಷೇತ್ರದ ಸಂಸ್ಥಾಪಕಿ ರುಕ್ಮಿಣಿದೇವಿ ಅರುಂಡೇಲ್ ಮೊದಲು ಆಸಕ್ತಿ ತಳೆದದ್ದು ಬ್ಯಾಲೆಯಲ್ಲಿ. ರಷ್ಯಾದ ವಿಶ್ವವಿಖ್ಯಾತ ನರ್ತಕಿ ಅನ್ನಾ ಪಾವ್ಲೊವಾ ಅವರ ಪರಿಚಯವಾಗಿ, ಅವರ ತಂಡದ ನರ್ತಕಿಯಿಂದ ರುಕ್ಮಿಣಿದೇವಿ ಬ್ಯಾಲೆ ಪಾಠ ಹೇಳಿಸಿಕೊಂಡರು. ತಮ್ಮ ನಾಡಿನ ನೃತ್ಯವನ್ನು ಅರಸುವಂತೆ ಸೂಚಿಸಿದವರೂ ಪಾವ್ಲೊವಾ ಅವರೇ. 1935ರಲ್ಲಿ ಮೊದಲ ಪ್ರದರ್ಶನ ನೀಡಿದ ರುಕ್ಮಿಣಿದೇವಿ ಮರುವರ್ಷವೇ ಕಲಾಕ್ಷೇತ್ರವನ್ನು ಆರಂಭಿಸಿದರು.

ಜಿಲ್ಲೆಯ ಅನುಭವ ಹೇಳುವುದೇನು?

ಮಕ್ಕಳನ್ನು ಕಲೆಗಾಗಿ ಮನೆಯಿಂದ ಹೊರಗೆ ಕಳುಹಿಸಿದ ಇತಿಹಾಸ ಬೆಳಗಾವಿ ಜಿಲ್ಲೆಗೆ ಹೊಸದಲ್ಲ. 1924ರಲ್ಲಿ ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಎಂಬ ಬಾಲಕ, ಹತ್ತು ವರ್ಷ ತುಂಬುವ ಮೊದಲೇ ಹಿರಿಯ ಗಾಯಕರ ಗಾಯನವನ್ನು ಯಥಾವತ್ತಾಗಿ ಹಾಡಿ ತೋರಿಸಿ ಹೆಸರು ಮಾಡಿದ್ದ. ಕುಮಾರ ಗಂಧರ್ವ ಎಂಬ ಬಿರುದೂ ದೊರೆತಿತ್ತು. ಚಪ್ಪಾಳೆ, ಕಛೇರಿ, ಸಂಭಾವನೆ ಎಲ್ಲ ಇದ್ದಾಗಲೂ ಆತನನ್ನು ಮುಂಬೈಯ ಬಿ.ಆರ್. ದೇವಧರ್ ಅವರ ಶಾಲೆಗೆ ಸೇರಿಸಲಾಯಿತು. ಆಗ ವಯಸ್ಸು ಹನ್ನೊಂದರ ಆಸುಪಾಸು. ಅನುಕರಣೆಯಿಂದ ಗಳಿಸಿದ ಹೆಸರನ್ನು ಬದಿಗಿಟ್ಟು ವರ್ಷಗಟ್ಟಲೆ ಪಾಠಕ್ಕೆ ಕುಳಿತದ್ದರಿಂದಲೇ ಆ ಬಾಲಕ ಮುಂದೆ ತನ್ನದೇ ಗಾಯನ ಮಾರ್ಗವನ್ನು ರೂಪಿಸಿಕೊಳ್ಳಲು ಸಾಧ್ಯವಾಯಿತು. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರ ಇಂದು ಅವರ ಹೆಸರನ್ನೇ ಹೊತ್ತಿದೆ. ಅಲ್ಲಿನ ವೇದಿಕೆಯಲ್ಲಿ ಮಗು ಪಡೆಯುವ ಬಹುಮಾನ ಸಂತೋಷದ ಸಂಗತಿ. ಅದನ್ನು ಶಿಕ್ಷಣದ ಬದಲಿ ಎಂದು ತಿಳಿಯಬಾರದು ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ರಂಗಭೂಮಿಯಲ್ಲಿಯೂ ಇಂತಹ ಉದಾಹರಣೆಗಳುಂಟು. ಜಿಲ್ಲೆಯ ಏಣಗಿ ಗ್ರಾಮದ ಬಾಳಪ್ಪನವರು ಎಳವೆಯಲ್ಲೇ ನಾಟಕದ ನಂಟು ಬೆಳೆಸಿಕೊಂಡು, ನೂರು ವರ್ಷ ಮೀರಿದ ಬದುಕನ್ನು ರಂಗಕ್ಕೇ ಮೀಸಲಿಟ್ಟರು. ಕುಲಗೋಡ ತಮ್ಮಣ್ಣ ರೂಪಿಸಿದ ಶ್ರೀಕೃಷ್ಣ ಪಾರಿಜಾತವನ್ನು ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ್ದೂ ಇದೇ ಜಿಲ್ಲೆಯಲ್ಲಿ. ಅಂದು ನಾಟಕ ಕಂಪನಿ, ಗುರುವಿನ ಮನೆ, ಮಠಗಳೇ ಮಕ್ಕಳ ವೃತ್ತಿ ಶಾಲೆಗಳಾಗಿದ್ದವು. ಇಂದು ಆ ಸ್ಥಾನದಲ್ಲಿ ಸಂಸ್ಥೆಗಳು, ಅರ್ಜಿ ನಮೂನೆಗಳು, ಆಯ್ಕೆ ಸಮಿತಿಗಳು ಬಂದಿವೆ.

ಗುರುವಿನ ಆಯ್ಕೆ

ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ತರಗತಿ ಆರಿಸುವುದು ಮೊದಲ ಒಂದೆರಡು ವರ್ಷಕ್ಕೆ ಸರಿ. ಮಗುವಿಗೆ ಆಸಕ್ತಿ ಇದೆಯೆಂದು ಖಚಿತವಾದ ಮೇಲೆ ಪೋಷಕರು ಈ ಸಂಗತಿಗಳನ್ನು ವಿಚಾರಿಸುವುದು ಒಳಿತು.

ಗುರುಗಳು ಸ್ವತಃ ಯಾರಲ್ಲಿ, ಎಷ್ಟು ವರ್ಷ ಕಲಿತಿದ್ದಾರೆ? ವಿದ್ವತ್ ಅಥವಾ ತತ್ಸಮಾನ ಪರೀಕ್ಷೆ ಮುಗಿಸಿದ್ದಾರೆಯೇ? ಅಡವುಗಳನ್ನು ಮೂರು ಕಾಲಗಳಲ್ಲಿ ಮಾಡಿಸುತ್ತಾರೆಯೇ, ಇಲ್ಲವೇ ನೇರವಾಗಿ ವಾರ್ಷಿಕೋತ್ಸವದ ಹಾಡಿಗೆ ಹೆಜ್ಜೆ ಕಲಿಸುತ್ತಾರೆಯೇ? ತಾಳ, ಹಸ್ತ ವಿನಿಯೋಗ, ಶ್ಲೋಕ, ಸ್ವಲ್ಪಮಟ್ಟಿಗಾದರೂ ಗಾಯನದ ಪಾಠವಿದೆಯೇ? ಒಂದು ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ? ಪೋಷಕರು ತರಗತಿಯನ್ನು ನೋಡಲು ಅವಕಾಶವಿದೆಯೇ?

ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಕಾರಣ ಕೇಳಬೇಕು. ಗುರುವಿನ ಮೇಲಿನ ಗೌರವಕ್ಕೂ ಮಗುವಿನ ಕ್ಷೇಮ ವಿಚಾರಿಸುವುದಕ್ಕೂ ವಿರೋಧವಿಲ್ಲ.

ನೆಲದ ಬಗ್ಗೆಯೂ ಗಮನವಿರಲಿ. ಭರತನಾಟ್ಯದಲ್ಲಿ ಪಾದವನ್ನು ನೆಲಕ್ಕೆ ಬಲವಾಗಿ ತಟ್ಟಲಾಗುತ್ತದೆ. ಗ್ರಾನೈಟ್ ಮತ್ತು ಸಿಮೆಂಟ್ ನೆಲ ಆ ಆಘಾತವನ್ನು ಹೀರಿಕೊಳ್ಳುವುದಿಲ್ಲ. ಅದು ಮೊಣಕಾಲು, ಬೆನ್ನಿಗೆ ಮರಳುತ್ತದೆ. ಮರದ ನೆಲ ಉತ್ತಮ. ಖಾನಾಪುರದ ಹಳ್ಳಿಗಳ ಹಳೆಯ ಮನೆಗಳಲ್ಲಿರುವ ಸಾರಿಸಿದ ಮಣ್ಣಿನ ನೆಲವೂ ಗ್ರಾನೈಟ್‌ಗಿಂತ ಮೃದು.

ಪರೀಕ್ಷೆಗಳ ಮೆಟ್ಟಿಲು

ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ ಮತ್ತು ವಿದ್ವತ್ ಅಂತಿಮ ಎಂಬ ನಾಲ್ಕು ಹಂತದ ನೃತ್ಯ ಪರೀಕ್ಷೆಗಳಿವೆ. ಹಿಂದೆ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಈ ಪರೀಕ್ಷೆಗಳ ಹೊಣೆ ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದ್ದು. ಪ್ರಾಯೋಗಿಕ ಮತ್ತು ಲಿಖಿತ ಎಂಬ ಎರಡೂ ಭಾಗಗಳಿರುತ್ತವೆ.

ಗಡಿ ಭಾಗದಲ್ಲಿ ಇನ್ನೊಂದು ಪದ್ಧತಿಯೂ ರೂಢಿಯಲ್ಲಿದೆ. 1901ರಲ್ಲಿ ಲಾಹೋರಿನಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಸ್ಥಾಪಿಸಿದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವು ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗೆ ಗಾಯನ, ವಾದನ, ನೃತ್ಯ ಪರೀಕ್ಷೆಗಳನ್ನು ನಡೆಸುತ್ತದೆ. ಮಹಾರಾಷ್ಟ್ರದಲ್ಲಿ ಮುಂದೆ ಓದುವ ಉದ್ದೇಶವಿರುವ ಮಕ್ಕಳಿಗೆ ಇದು ಪರಿಚಿತ ಪ್ರಮಾಣಪತ್ರ. ಯಾವುದನ್ನಾದರೂ ಆರಿಸಿಕೊಳ್ಳಬಹುದು, ಎರಡನ್ನೂ ಏಕಕಾಲಕ್ಕೆ ಹೇರಿ ಮಗುವಿನ ರಜೆಗಳನ್ನೆಲ್ಲ ಪರೀಕ್ಷೆಗೆ ಕೊಡುವುದು ಬೇಡ.

ಒಂದು ಮಾತು ಸ್ಪಷ್ಟವಾಗಿರಲಿ. ಪ್ರಮಾಣಪತ್ರ ಅರ್ಜಿಗೆ ಬಲ ನೀಡುತ್ತದೆ. ಆಯ್ಕೆ ಸಮಿತಿಯ ಮುಂದೆ ಮಾತಾಡುವುದು ಅರೆಮಂಡಿಯ ಆಳ, ಬೆನ್ನಿನ ನೇರ ಮತ್ತು ಲಯಶುದ್ಧಿ.

ರಂಗಪ್ರವೇಶದ ಬಗ್ಗೆಯೂ ಇದೇ ವಿವೇಚನೆ ಅಗತ್ಯ. ಸಭಾಂಗಣ, ಹಿಮ್ಮೇಳ, ವೇಷಭೂಷಣ, ಊಟೋಪಚಾರ ಎಂದು ಮದುವೆಯಷ್ಟೇ ಅದ್ದೂರಿಯಾಗಿ ನಡೆಸುವ ಪದ್ಧತಿ ಬೆಳೆದಿದೆ. ವೃತ್ತಿ ಶಾಲೆ ಸೇರಲು ಅದು ಅರ್ಹತೆಯಲ್ಲ. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಶಿಕ್ಷಣಕ್ಕೆ ಇಡುವುದೇ ಲೇಸು.

ಖಾನಾಪುರದಿಂದ ಬರುವ ಮಕ್ಕಳು

ನಗರದ ಟಿಳಕವಾಡಿ, ಶಹಾಪುರದ ಮಗು ಹತ್ತು ಹದಿನೈದು ನಿಮಿಷದಲ್ಲಿ ತರಗತಿ ತಲುಪಿದರೆ ಖಾನಾಪುರದ ಮಗುವಿಗೆ ಮನೆಯಿಂದ ಮನೆಗೆ ಎರಡು ಗಂಟೆ ಬೇಕು. ವಾರಕ್ಕೆ ಮೂರು ದಿನವೆಂದರೆ ಆರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯನ್ನು ಒಳಗೊಂಡ ಈ ಮಲೆನಾಡು ತಾಲ್ಲೂಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಅಬ್ಬರವಿರುತ್ತದೆ. ಕಾಡಂಚಿನ ಹಳ್ಳಿಗಳಿಂದ ಖಾನಾಪುರ ಪಟ್ಟಣ ತಲುಪುವುದೇ ಆ ದಿನಗಳಲ್ಲಿ ಪ್ರಯಾಸದ ಕೆಲಸ.

ಇದಕ್ಕೆ ಪರಿಹಾರವಾಗಿ ಕೆಲವು ವ್ಯವಸ್ಥೆಗಳನ್ನು ಮಾಡಿಕೊಳ್ಳಬಹುದು. ಗುರುಗಳೊಂದಿಗೆ ಮಾತನಾಡಿ ಮೂರು ಬಿಡಿ ತರಗತಿಗಳ ಬದಲು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ದೀರ್ಘ ಪಾಠಕ್ಕೆ ಕೋರಬಹುದು. ಒಂದೇ ಊರಿನ ಮೂರು ನಾಲ್ಕು ಮಕ್ಕಳಿದ್ದರೆ ಪೋಷಕರು ಸರದಿಯಂತೆ ಕರೆತರಬಹುದು. ಮಳೆಗಾಲದಲ್ಲಿ ವಾರದ ನಡುವಿನ ಒಂದು ಪಾಠ ಮೊಬೈಲ್ ಫೋನಿನ ವೀಡಿಯೊ ಮೂಲಕ ನಡೆಯಲಿ. ಕೋವಿಡ್ ಕಾಲದಲ್ಲಿ ರೂಢಿಯಾದ ಈ ಕ್ರಮ ತಾಳ, ಶ್ಲೋಕ, ಸಿದ್ಧಾಂತ ಪಾಠಕ್ಕೆ ಹೊಂದುತ್ತದೆ. ಅಂಗಶುದ್ಧಿಯನ್ನು ತಿದ್ದಲು ಮಾತ್ರ ಗುರುವಿನ ಎದುರೇ ನಿಲ್ಲಬೇಕು.

ದಿನಕ್ಕೆ ಅರ್ಧ ಗಂಟೆಯ ನಿಯಮಿತ ಮನೆ ಅಭ್ಯಾಸ ಭಾನುವಾರದ ಮೂರು ಗಂಟೆಯ ದಣಿವಿಗಿಂತ ಹೆಚ್ಚು ಫಲ ಕೊಡುತ್ತದೆ. ಮನೆಯವರಿಗೆ ನೃತ್ಯ ತಿಳಿಯದಿದ್ದರೂ ಚಿಂತೆಯಿಲ್ಲ. ಅಭ್ಯಾಸದ ಹೊತ್ತಿಗೆ ದೂರದರ್ಶನ ಆರಿಸುವುದು, ಆ ಅರ್ಧ ಗಂಟೆ ಬೇರೆ ಕೆಲಸ ಹೇಳದಿರುವುದು, ಇಷ್ಟನ್ನು ಯಾರೂ ಮಾಡಬಹುದು.

ದೇಹದ ಎಚ್ಚರಿಕೆ

ಬೆಳೆಯುವ ಮೂಳೆಗಳ ಮೇಲೆ ನಡೆಯುವ ತರಬೇತಿ ಇದು. ಬ್ಯಾಲೆಯಲ್ಲಿ ಹೆಬ್ಬೆರಳ ತುದಿಯಲ್ಲಿ ನಿಲ್ಲುವ ಪಾಯಿಂಟ್ ಅಭ್ಯಾಸವನ್ನು ಸಾಮಾನ್ಯವಾಗಿ 11-12 ವರ್ಷಕ್ಕೆ ಮೊದಲು, ಅದೂ ಕೆಲವು ವರ್ಷಗಳ ಬುನಾದಿಯಿಲ್ಲದೆ ಆರಂಭಿಸುವುದಿಲ್ಲ. ನಮ್ಮ ನೃತ್ಯಗಳಲ್ಲೂ ಇಂತಹ ಸಂಯಮ ಬೇಕು. ಆರು ವರ್ಷದ ಮಗುವನ್ನು ಪೂರ್ಣ ಅರೆಮಂಡಿಯಲ್ಲಿ ಒತ್ತಾಯದಿಂದ ಕೂರಿಸಿ, ಮೊಣಕಾಲುಗಳನ್ನು ಕೈಯಿಂದ ಹೊರಕ್ಕೆ ತಳ್ಳುವುದು ಅಪಾಯಕಾರಿ. ಮಂಡಿಯ ತಿರುವು ಸೊಂಟದ ಕೀಲಿನಿಂದ ಬರಬೇಕು.

ಹೆಣ್ಣುಮಕ್ಕಳು ಸುಮಾರು 11-12ರಲ್ಲಿ, ಗಂಡುಮಕ್ಕಳು 13-14ರಲ್ಲಿ ಒಮ್ಮೆಲೇ ಎತ್ತರವಾಗುತ್ತಾರೆ. ಆಗ ಮೂಳೆಯ ವೇಗಕ್ಕೆ ಸ್ನಾಯುಗಳು ಹೊಂದಿಕೊಳ್ಳದೆ ಸಮತೋಲನ ತಪ್ಪುತ್ತದೆ. ಹಿಮ್ಮಡಿ ಮತ್ತು ಮೊಣಕಾಲ ಚಿಪ್ಪಿನ ಕೆಳಗೆ ನೋವು ಕಾಣಿಸಿಕೊಳ್ಳಬಹುದು. ಮಗು ಸೋಮಾರಿಯಾಯಿತು ಎಂದು ಬೈಯುವ ಮೊದಲು ಎತ್ತರ ಅಳೆದು ನೋಡಿ.

ವೈದ್ಯರನ್ನು ಕಾಣಲೇಬೇಕಾದ ಲಕ್ಷಣಗಳಿವು: ಒಂದೇ ಬಿಂದುವಿನಲ್ಲಿ ಒತ್ತಿದರೆ ಆಗುವ ತೀವ್ರ ಮೂಳೆ ನೋವು, ರಾತ್ರಿ ಎಚ್ಚರಗೊಳಿಸುವ ನೋವು, ಊತ, ಕುಂಟು ನಡಿಗೆ, ವಾರ ವಿಶ್ರಾಂತಿ ಪಡೆದರೂ ಹೋಗದ ನೋವು. ಹುಡುಗಿಯರಲ್ಲಿ 15 ವರ್ಷವಾದರೂ ಮುಟ್ಟು ಆರಂಭವಾಗದಿದ್ದರೆ, ಅಥವಾ ಆರಂಭವಾದದ್ದು ಮೂರು ತಿಂಗಳು ನಿಂತರೆ, ಆಹಾರ ಸಾಲುತ್ತಿಲ್ಲ ಎಂಬುದರ ಸೂಚನೆಯೂ ಆಗಿರಬಹುದು. ಇಂತಹ ಸ್ಥಿತಿಯಲ್ಲಿ ಮೂಳೆ ಸವೆದು ಬಿರುಕು ಬಿಡುವ ಸಂಭವ ಹೆಚ್ಚು. ನಗರದಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ, ನೆಹರೂ ನಗರದ ಕೆಎಲ್ಇ ಪ್ರಭಾಕರ ಕೋರೆ ಆಸ್ಪತ್ರೆ ಮೊದಲಾದೆಡೆ ಮೂಳೆ ತಜ್ಞರು ಲಭ್ಯರಿದ್ದಾರೆ.

ತರಬೇತಿಯ ಮಿತಿಗೆ ಕ್ರೀಡಾ ವೈದ್ಯರು ಹೇಳುವ ಸರಳ ಸೂತ್ರವಿದೆ: ಮಗುವಿನ ವಯಸ್ಸು ಎಷ್ಟೋ, ವಾರದ ತರಬೇತಿಯ ಗಂಟೆಗಳು ಅದನ್ನು ಮೀರದಿರಲಿ. ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವು ಇರಲಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಯೇ ಸಾಕು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಸೊಪ್ಪು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತರಗತಿಗೆ ಹೊರಡುವ ಮುನ್ನ ಬಾಳೆಹಣ್ಣು. ತೆಳ್ಳಗಿರಬೇಕೆಂದು ರಾತ್ರಿ ಊಟ ಬಿಡಿಸುವುದು, ಮಗುವಿನ ಎದುರು ಅದರ ತೂಕದ ಬಗ್ಗೆ ನೆಂಟರಿಷ್ಟರು ಟೀಕಿಸುವುದು, ಇವನ್ನು ಹಿರಿಯರು ಗಟ್ಟಿಯಾಗಿ ತಡೆಯಬೇಕು.

ಶಾಲೆಯ ಓದು

ನೃತ್ಯಕ್ಕಾಗಿ ಓದು ಬಿಡಿಸಬೇಕೇ ಎಂಬ ಪ್ರಶ್ನೆಗೆ ಉತ್ತರ, ಬಿಡಿಸಬಾರದು. ಪದವಿ ಕೋರ್ಸ್‌ಗಳಿಗೆ ಪಿಯು ಅಂಕಪಟ್ಟಿ ಬೇಕೇಬೇಕು. ಗಾಯವಾದರೆ, ಮನಸ್ಸು ಬದಲಾದರೆ ಬೇರೆ ದಾರಿ ಹಿಡಿಯಲು ಆಧಾರವೂ ಅದೇ.

ಎಸ್ಸೆಸ್ಸೆಲ್ಸಿ ವರ್ಷ ಸಾಮಾನ್ಯವಾಗಿ ಜಗಳದ ವರ್ಷ. ಜೂನ್‌ನಲ್ಲೇ ಶಾಲೆ, ಗುರು, ಮನೆ ಮೂವರೂ ಕುಳಿತು ಕ್ಯಾಲೆಂಡರ್ ಮಾಡಿಕೊಂಡರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಡಿಸೆಂಬರ್ ಬಳಿಕ ಹೊಸ ಪ್ರದರ್ಶನ ಒಪ್ಪಿಕೊಳ್ಳದೆ, ದಿನಕ್ಕೆ ಅರ್ಧ ಗಂಟೆಯ ಅಡವು ಅಭ್ಯಾಸ ಮಾತ್ರ ಉಳಿಸಿಕೊಂಡರೆ ದೇಹ ಮರೆಯುವುದಿಲ್ಲ. ರಾಜ್ಯದಲ್ಲಿ 2024ರಿಂದ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಪದ್ಧತಿ ಬಂದಿರುವುದೂ ಒತ್ತಡವನ್ನು ಸ್ವಲ್ಪ ತಗ್ಗಿಸಿದೆ. ಪಿಯು ಹಂತದಲ್ಲಿ ಹಿಂದೂಸ್ತಾನಿ ಸಂಗೀತ ಐಚ್ಛಿಕ ವಿಷಯವಾಗಿದೆ. ಕೇಂದ್ರೀಯ ಪಠ್ಯಕ್ರಮದ 11 ಮತ್ತು 12ನೇ ತರಗತಿಯಲ್ಲಿ ನೃತ್ಯವೂ ಒಂದು ವಿಷಯ. ಆದರೆ ಎಲ್ಲ ಶಾಲೆಗಳಲ್ಲಿ ಬೋಧಕರಿರುವುದಿಲ್ಲ. ತೀರಾ ಅನಿವಾರ್ಯವಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮಾರ್ಗವಿದೆ.

ಎಲ್ಲೆಲ್ಲಿ ಅವಕಾಶ?

ಕಲಾಕ್ಷೇತ್ರ, ಚೆನ್ನೈ: 1993ರ ಸಂಸತ್ ಕಾಯ್ದೆಯ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂಬ ಮಾನ್ಯತೆ ಪಡೆದಿದೆ. ಇಲ್ಲಿನ ರುಕ್ಮಿಣಿದೇವಿ ಲಲಿತಕಲಾ ಕಾಲೇಜಿನಲ್ಲಿ ಭರತನಾಟ್ಯದ ನಾಲ್ಕು ವರ್ಷಗಳ ಡಿಪ್ಲೊಮಾ ಪ್ರಸಿದ್ಧ.

ಕೇರಳ ಕಲಾಮಂಡಲಂ, ಚೆರುತುರುತ್ತಿ: ಕವಿ ವಳ್ಳತ್ತೋಳ್ 1930ರಲ್ಲಿ ಸ್ಥಾಪಿಸಿದ್ದು. 8ನೇ ತರಗತಿಯಿಂದಲೇ ಕಲೆ ಮತ್ತು ಶಾಲಾ ಪಾಠ ಒಟ್ಟಿಗೆ ನಡೆಯುವ ಅಪರೂಪದ ವ್ಯವಸ್ಥೆ. 2024ರಲ್ಲಿ ಮೋಹಿನಿಯಾಟ್ಟಂ ತರಗತಿಗಳಿಗೆ ಗಂಡುಮಕ್ಕಳನ್ನೂ ಸೇರಿಸಿಕೊಳ್ಳಲು ನಿರ್ಧರಿಸಲಾಯಿತು.

ಕಥಕ್ ಕೇಂದ್ರ, ನವದೆಹಲಿ: ಕಥಕ್ ಕಲಿಕೆಯ ಪ್ರಮುಖ ರಾಷ್ಟ್ರೀಯ ಸಂಸ್ಥೆ.

ನೃತ್ಯಗ್ರಾಮ, ಹೆಸರಘಟ್ಟ: 1990ರಲ್ಲಿ ಪ್ರೊತಿಮಾ ಬೇಡಿ ಆರಂಭಿಸಿದ ಒಡಿಸ್ಸಿ ಗುರುಕುಲ.

ಮೈಸೂರಿನ ಸಂಗೀತ ವಿಶ್ವವಿದ್ಯಾಲಯ: ನೃತ್ಯದಲ್ಲಿ ಪದವಿ ಹಾಗೂ ಸ್ನಾತಕೋತ್ತರ ಶಿಕ್ಷಣ. ರಾಜ್ಯದ ಮಕ್ಕಳಿಗೆ ಭಾಷೆ, ಖರ್ಚು ಎರಡೂ ದೃಷ್ಟಿಯಿಂದ ಹತ್ತಿರ.

ನೃತ್ಯದಿಂದ ಸಂಗೀತದ ಕಡೆಗೆ ಒಲಿಯುವ ಮಕ್ಕಳಿಗೆ ಬೆಳಗಾವಿಯಲ್ಲೇ ಕೆಎಲ್ಇ ಸಂಗೀತ ಶಾಲೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯ, ಹುಬ್ಬಳ್ಳಿಯ ಉಣಕಲ್ ಬಳಿ 2011ರಲ್ಲಿ ಆರಂಭವಾದ ಡಾ. ಗಂಗೂಬಾಯಿ ಹಾನಗಲ್ ಗುರುಕುಲ ಇವೆ. ಅಭಿನಯದ ಒಲವಿರುವವರಿಗೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ವಯೋಮಿತಿ, ಶುಲ್ಕ, ಅರ್ಜಿಯ ಕೊನೆಯ ದಿನ ಪ್ರತಿವರ್ಷ ಬದಲಾಗುವುದರಿಂದ ಸಂಸ್ಥೆಯ ಅಧಿಕೃತ ಪ್ರಕಟಣೆಯನ್ನೇ ಓದಿಕೊಳ್ಳಬೇಕು.

ಆಯ್ಕೆಯ ದಿನ

ಭರತನಾಟ್ಯದ ಆಯ್ಕೆಯಲ್ಲಿ ಸಾಮಾನ್ಯವಾಗಿ ಅಡವುಗಳನ್ನು ಮೂರು ಕಾಲಗಳಲ್ಲಿ ಮಾಡಿಸುತ್ತಾರೆ. ಅಲರಿಪು ಅಥವಾ ಜತಿಸ್ವರದಂತಹ ಒಂದು ಬಂಧ ಕೇಳುತ್ತಾರೆ. ಕೈಯಲ್ಲಿ ತಾಳ ಹಾಕಿಸುತ್ತಾರೆ. ತಾವು ತಟ್ಟಿದ ಲಯವನ್ನು ಮರಳಿ ತಟ್ಟಿಸುತ್ತಾರೆ. ಒಂದು ಸಾಲು ಹಾಡಿಸಬಹುದು. ಕೊನೆಯಲ್ಲಿ ಸಂದರ್ಶನ. ಎಂಟು ನಿಮಿಷದ ಕಷ್ಟದ ವರ್ಣವನ್ನು ಅರೆಬರೆ ಮಾಡುವುದಕ್ಕಿಂತ ಶುದ್ಧವಾದ ಅಲರಿಪು ಹೆಚ್ಚು ಮಾತಾಡುತ್ತದೆ. ಗುರುವಾಗಬೇಕಾದವರು ನೋಡುವುದು ಮಗು ಕಲಿತದ್ದನ್ನಷ್ಟೇ ಅಲ್ಲದೆ, ತಿದ್ದಿದಾಗ ಅದು ಹೇಗೆ ತಿದ್ದಿಕೊಳ್ಳುತ್ತದೆ ಎಂಬುದನ್ನು ಕೂಡ.

ಪೋಷಕರ ಕೆಲಸ ಪ್ರಾಯೋಗಿಕವಾದದ್ದು. ಪರೀಕ್ಷೆಯ ಬೆಳಿಗ್ಗೆಯೇ ರೈಲಿನಿಂದ ಇಳಿದು ನೇರವಾಗಿ ಓಡದೆ, ಹಿಂದಿನ ದಿನವೇ ತಲುಪಬೇಕು. ಇಡೀ ರಾತ್ರಿ ಕುಳಿತು ಬಂದ ಕಾಲುಗಳು ಅರೆಮಂಡಿಗೆ ಒಗ್ಗುವುದಿಲ್ಲ. ಸರಳವಾದ ಅಭ್ಯಾಸದ ಸೀರೆ, ಮೂಲ ಅಂಕಪಟ್ಟಿ ಮತ್ತು ಪ್ರತಿಗಳು, ಭಾವಚಿತ್ರ, ವೈದ್ಯಕೀಯ ಪತ್ರ, ನೀರು, ಪರಿಚಿತ ತಿಂಡಿ ಜತೆಗಿರಲಿ. ಸಂದರ್ಶನದಲ್ಲಿ ಇಂಗ್ಲಿಷ್ ಬಾರದೆಂಬ ಅಳುಕು ಖಾನಾಪುರದ ಮಕ್ಕಳಲ್ಲಿ ಸಹಜ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಆಡುತ್ತ ಬೆಳೆದ ಮಗುವಿಗೆ ನಾಲ್ಕನೆಯದು ದೊಡ್ಡ ಮಾತಲ್ಲ. ತನ್ನ ಗುರು, ತಾನು ಕಲಿತ ಬಂಧಗಳು, ಕಲಿಯಬೇಕೆಂಬ ಕಾರಣ ಇಷ್ಟನ್ನು ನಾಲ್ಕು ಸರಳ ವಾಕ್ಯಗಳಲ್ಲಿ ಹೇಳುವ ಅಭ್ಯಾಸ ಸಾಕು.

ಹಣಕಾಸು ನೆರವು

ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು 10ರಿಂದ 14 ವರ್ಷದ ಮಕ್ಕಳಿಗೆ ಸಾಂಸ್ಕೃತಿಕ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನ ನೀಡುತ್ತದೆ. 1982ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ಪಾರಂಪರಿಕ ಕಲಾವಿದರ ಕುಟುಂಬದ ಮಕ್ಕಳಿಗೆ ಪ್ರತ್ಯೇಕ ಸ್ಥಾನಗಳಿವೆ. 14 ದಾಟಿದ ಮೇಲೆ ಹೊಸ ಅರ್ಜಿ ಹಾಕಲಾಗದು. ಹಲವು ಕುಟುಂಬಗಳಿಗೆ ಈ ಸಂಗತಿ ತಿಳಿಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. 18ರಿಂದ 25 ವರ್ಷದ ಯುವ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಎರಡು ವರ್ಷಗಳ ಪ್ರತ್ಯೇಕ ವಿದ್ಯಾರ್ಥಿವೇತನವಿದೆ. ಶಾಲಾ ಹಂತದ ಪ್ರತಿಭಾ ಕಾರಂಜಿ, 9ರಿಂದ 12ನೇ ತರಗತಿಯವರ ಕಲಾ ಉತ್ಸವಗಳ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ದುಡಿಮೆಯ ಬಗ್ಗೆ ಪ್ರಾಮಾಣಿಕವಾಗಿ ಹೇಳುವುದಾದರೆ, ವೇದಿಕೆಯೊಂದರಿಂದಲೇ ಬದುಕುವವರು ಕಡಿಮೆ. ಹೆಚ್ಚಿನವರಿಗೆ ಪಾಠ ಹೇಳುವುದೇ ಆದಾಯದ ಆಧಾರ. ಈ ಸತ್ಯವನ್ನು ಹದಿನೈದರ ಮಗುವಿಗೆ ಮುಚ್ಚಿಡಬಾರದು.

ಹಾಸ್ಟೆಲ್ ಮತ್ತು ಸುರಕ್ಷತೆ

ಗುರುವಿನ ಮಾತು ವೇದವಾಕ್ಯ ಎಂದು ಕಲಿಸುವ ಕ್ಷೇತ್ರದಲ್ಲಿ ತಪ್ಪನ್ನು ತಪ್ಪೆನ್ನಲು ಮಗುವಿಗೆ ಧೈರ್ಯ ಸಾಲದು. 2023ರ ಮಾರ್ಚ್‌ನಲ್ಲಿ ಕಲಾಕ್ಷೇತ್ರದ ವಿದ್ಯಾರ್ಥಿಗಳು ಲೈಂಗಿಕ ಕಿರುಕುಳದ ಆರೋಪದ ಹಿನ್ನೆಲೆಯಲ್ಲಿ ಪ್ರತಿಭಟನೆಗೆ ಕುಳಿತದ್ದು ದೇಶದ ಗಮನ ಸೆಳೆಯಿತು. ಎಷ್ಟೇ ದೊಡ್ಡ ಹೆಸರಿನ ಸಂಸ್ಥೆಯಾದರೂ ಆಂತರಿಕ ದೂರು ಸಮಿತಿ ಇದೆಯೇ, ವಾರ್ಡನ್ ಯಾರು, ಮನೆಗೆ ಫೋನ್ ಮಾಡಲು ಯಾವ ಸಮಯ ಎಂದು ಪ್ರವೇಶದ ದಿನವೇ ಕೇಳಬೇಕು. ಅಂಗ ತಿದ್ದುವ ಸ್ಪರ್ಶಕ್ಕೂ ಕೆಟ್ಟ ಸ್ಪರ್ಶಕ್ಕೂ ಇರುವ ವ್ಯತ್ಯಾಸವನ್ನು ಮಗುವಿಗೆ ಚಿಕ್ಕಂದಿನಲ್ಲೇ ತಿಳಿಸಿ ಹೇಳಬೇಕು. 18 ವರ್ಷದೊಳಗಿನವರಿಗೆ 2012ರ ಪೋಕ್ಸೊ ಕಾಯ್ದೆಯ ರಕ್ಷಣೆಯಿದೆ; ಮಕ್ಕಳ ಸಹಾಯವಾಣಿ 1098.

ಗಂಡುಮಕ್ಕಳು ನೃತ್ಯ ಕಲಿತರೆ

ಹುಡುಗ ನೃತ್ಯಕ್ಕೆ ಹೊರಟರೆ ಓಣಿಯವರು ನಗುತ್ತಾರೆ ಎಂಬ ಅಂಜಿಕೆ ಇನ್ನೂ ಇದೆ. ಕಂಪನಿ ನಾಟಕ, ಬಯಲಾಟಗಳಲ್ಲಿ ಗಂಡಸರೇ ಸತ್ಯಭಾಮೆಯಾಗಿ ಮೆರೆದ ನಾಡಿನಲ್ಲಿ ಈ ಅಂಜಿಕೆಗೆ ಅರ್ಥವಿಲ್ಲ. ಮನೆಯ ಹಿರಿಯರು ಒಂದು ಪ್ರದರ್ಶನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತರೆ ಓಣಿಯ ಮಾತು ಅಲ್ಲಿಗೆ ನಿಲ್ಲುತ್ತದೆ.

ಆಯ್ಕೆಯಾಗದಿದ್ದರೆ

ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಹೆಚ್ಚಿನ ಅರ್ಜಿದಾರರ ಅನುಭವ. ಆ ದಿನ ಮಗುವಿಗೆ ಉಪದೇಶ ಬೇಡ, ಗುರುವಿನ ಮೇಲೆ ದೂಷಣೆಯೂ ಬೇಡ. ವಾರ ಕಳೆದ ಮೇಲೆ ಮೂರು ವಿಚಾರ ಕೇಳಿಕೊಳ್ಳಬಹುದು. ಕೊರತೆ ಕಂಡದ್ದು ಲಯದಲ್ಲಿಯೇ, ಅಂಗಶುದ್ಧಿಯಲ್ಲಿಯೇ, ಅಭಿನಯದಲ್ಲಿಯೇ? ಅದು ಒಂದು ವರ್ಷದ ಅಭ್ಯಾಸದಿಂದ ತುಂಬುವಂಥದ್ದೇ? ಮಗುವಿಗೆ ಇನ್ನೊಮ್ಮೆ ಪ್ರಯತ್ನಿಸುವ ಮನಸ್ಸಿದೆಯೇ?

ಮೂರನೆಯ ಪ್ರಶ್ನೆಗೆ ಮಗುವೇ ಉತ್ತರಿಸಬೇಕು. ಬೇಡ ಎಂದರೂ ಎಂಟು ಹತ್ತು ವರ್ಷದ ಕಲಿಕೆ ವ್ಯರ್ಥವಾಗುವುದಿಲ್ಲ. ಪದವಿ ಓದುತ್ತಲೇ ವಿದ್ವತ್ ಮುಗಿಸಬಹುದು, ರಂಗಭೂಮಿಗೆ ಹೊರಳಬಹುದು, ಊರಿನಲ್ಲೇ ಮಕ್ಕಳಿಗೆ ಕಲಿಸಬಹುದು. ಖಾನಾಪುರದಲ್ಲಿ ಒಂದು ಒಳ್ಳೆಯ ತರಗತಿ ನೆಲೆಯೂರಿದರೆ ಮುಂದಿನ ಪೀಳಿಗೆಯ ಮಕ್ಕಳಿಗೆ ವಾರಕ್ಕೆ ಆರು ಗಂಟೆಯ ರಸ್ತೆ ಪ್ರಯಾಣ ಉಳಿಯುತ್ತದೆ.

ಪೋಷಕರ ಜ್ಞಾಪಕ ಪಟ್ಟಿ

6ರಿಂದ 9 ವರ್ಷ: ಆಟವಾಗಿ ಕಲಿಯಲಿ, ವಾರಕ್ಕೆ ಒಂದೆರಡು ತರಗತಿ, ಗುರುವಿನ ಬಗ್ಗೆ ವಿಚಾರಣೆ.

10ರಿಂದ 13 ವರ್ಷ: ಜೂನಿಯರ್ ಪರೀಕ್ಷೆ, ಕೇಂದ್ರದ ವಿದ್ಯಾರ್ಥಿವೇತನಕ್ಕೆ ಅರ್ಜಿ, ಎತ್ತರ, ನೋವು, ಊಟದ ಮೇಲೆ ನಿಗಾ. ಕಲಾಮಂಡಲಂ ಮನಸ್ಸಿನಲ್ಲಿದ್ದರೆ 7ನೇ ತರಗತಿಯಲ್ಲೇ ಮಾಹಿತಿ ಸಂಗ್ರಹ.

14ರಿಂದ 16 ವರ್ಷ: ಸೀನಿಯರ್ ಪರೀಕ್ಷೆ, ಎಸ್ಸೆಸ್ಸೆಲ್ಸಿ ಕ್ಯಾಲೆಂಡರ್, ಸಾಧ್ಯವಾದರೆ ಸೇರಬಯಸುವ ಸಂಸ್ಥೆಗೆ ಒಮ್ಮೆ ಭೇಟಿ.

16ರಿಂದ 18 ವರ್ಷ: ಕನಿಷ್ಠ ಎರಡು ಸಂಸ್ಥೆಗಳಿಗೆ ಅರ್ಜಿ, ಜತೆಗೆ ಒಂದು ಸಾಮಾನ್ಯ ಪದವಿ ಕಾಲೇಜಿಗೂ ಅರ್ಜಿ, ಹಾಸ್ಟೆಲ್ ವಿಚಾರಣೆ, ಮೂರು ವರ್ಷದ ಖರ್ಚಿನ ಲೆಕ್ಕ ಕಾಗದದ ಮೇಲೆ.